ಮೇಷ್ಟರೂ ವೀಸಾ ಏಜೆಂಟರೂ

ಮೈಸೂರಿನ ಸರಸ್ವತೀಪುರದಲ್ಲಿರುವ ಭೂಗೋಳದ ಮೇಷ್ಟರು 34 ವರ್ಷಗಳ ಕಾಲ ಹೈಸ್ಕೂಲು ಹುಡುಗರಿಗೆ ಯೂರೋಪು ಖಂಡವನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸಿದವರು. ಪುಸ್ತಕ ನೋಡದೆ, ಕೈ ಎತ್ತದೆ, ನಾರ್ವೆಯಿಂದ ಗ್ರೀಸಿನವರೆಗೆ ಕರಾವಳಿಯನ್ನು ಒಂದೇ ಗೆರೆಯಲ್ಲಿ ಎಳೆಯಬಲ್ಲರೆಂದು ಅವರಿಗೆ ಪ್ರಸಿದ್ಧಿ. ರೈನ್ ನದಿಯು ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿ ಹಾಲೆಂಡಿನಲ್ಲಿ ಸಮುದ್ರವನ್ನು ಸೇರುವ ದಾರಿಯನ್ನು ತಮ್ಮ ಹುಟ್ಟೂರಿನ ಹೊಳೆಯನ್ನೇ ವರ್ಣಿಸುವಂತೆ ವರ್ಣಿಸುತ್ತಿದ್ದರು. ಶಿವರಾಮ ಕಾರಂತರು ತಮ್ಮ ಯೂರೋಪು ಪ್ರವಾಸವನ್ನು ಕುರಿತು ಬರೆದ ‘ಅಪೂರ್ವ ಪಶ್ಚಿಮ’ವನ್ನು ಶಾಲೆಯ ಪುಸ್ತಕಭಂಡಾರದಿಂದ ಎಷ್ಟು ಬಾರಿ ಮನೆಗೆ ಕೊಂಡೊಯ್ದಿದ್ದರೋ ಲೆಕ್ಕವಿಲ್ಲ. ಆದರೆ 2017ರಲ್ಲಿ ನಿವೃತ್ತರಾಗುವವರೆಗೆ ಅವರು ಕಣ್ಣಾರೆ ಕಂಡ ಅತಿ ದೂರದ ಊರೆಂದರೆ ಕಾಶಿ; ಅದೂ ತಾಯಿಯ ಅಸ್ಥಿಯನ್ನು ಗಂಗೆಯಲ್ಲಿ ಬಿಡಲು ಹೋದಾಗ.

ಅವರ ಒಬ್ಬಳೇ ಮಗಳು ಗಂಡನೊಡನೆ ನೆದರ್ಲೆಂಡ್ಸಿನ ಐಂಡ್‌ಹೋವನ್ ನಗರದಲ್ಲಿದ್ದಾಳೆ. 2025ರ ಯುಗಾದಿಯ ದಿನ ಫೋನು ಮಾಡಿದವಳು ಮೊದಲು ತಾಯಿಯೊಡನೆ ಮಾತನಾಡಬೇಕೆಂದಳು. ತಾಯಿ ಅಡಿಗೆಮನೆಯಲ್ಲಿ ಹೋಳಿಗೆಯ ಹಂಚಿನ ಮುಂದೆ ನಿಂತೇ ಕೇಳಿದರು. ಕೇಳಿ, ಒಲೆಯನ್ನು ಆರಿಸಿ, ದೇವರ ಮುಂದೆ ಹೋಗಿ ಕುಳಿತುಬಿಟ್ಟರು. ಸೆಪ್ಟೆಂಬರಿನ ಎರಡನೆಯ ವಾರ ಹೆರಿಗೆಯೆಂದು ವೈದ್ಯರು ಹೇಳಿದ್ದರಂತೆ. “ಅಮ್ಮ, ಆ ಹೊತ್ತಿಗೆ ನೀನು ನನ್ನ ಪಕ್ಕದಲ್ಲಿರಬೇಕು. ಅಷ್ಟೇ ನಾನು ಕೇಳುವುದು” ಎಂದಿದ್ದಳು ಮಗಳು.

ತಾಯಿಯ ಸಿದ್ಧತೆ ಅಂದೇ ಆರಂಭವಾಯಿತು. ಹಳೆಯ ಮಲ್ಲು ಪಂಚೆಗಳು ಪೆಟ್ಟಿಗೆಯಿಂದ ಹೊರಬಂದು ಒಗೆಸಿಕೊಂಡು ಮಗುವಿನ ಬಟ್ಟೆಗಳಾಗಿ ಮಡಿಸಿಕೊಂಡವು. ಬಾಣಂತಿಯ ಲೇಹ್ಯಕ್ಕೆ ಬೇಕಾದ ಸಾಮಾನುಗಳ ಪಟ್ಟಿ ಸಿದ್ಧವಾಯಿತು. ಮೇಷ್ಟರ ಸಿದ್ಧತೆ ಬೇರೆ ಬಗೆಯದು. ಅವರು ಗೋಡೆಯ ಮೇಲಿನ ಭೂಪಟವನ್ನು ಇಳಿಸಿ ಮೇಜಿನ ಮೇಲೆ ಹರಡಿದರು. ಅಷ್ಟು ದೂರ ಹೋದಮೇಲೆ ಪ್ಯಾರಿಸನ್ನು ನೋಡದೆ ಬರುವುದುಂಟೆ? ಸ್ವಿಟ್ಸರ್ಲೆಂಡಿನ ಹಿಮವನ್ನು? ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಅದರ ಮುಂದೆ ನಿಂತು ಕೈಮುಗಿಯಬೇಡವೆ? ಕೆಂಪು ಪೆನ್ಸಿಲಿನ ಗೆರೆ ಐಂಡ್‌ಹೋವನ್ನಿನಿಂದ ಹೊರಟು ಮೂರು ರಾಜ್ಯಗಳನ್ನು ಸುತ್ತಿ ಮತ್ತೆ ಅಲ್ಲಿಗೇ ಬಂದು ಸೇರಿತು.

ಆದರೆ ಮೇಷ್ಟರ ಯೂರೋಪು ಬೇರೆ, ವೀಸಾದ ಯೂರೋಪು ಬೇರೆ. ಲಕ್ಸೆಂಬರ್ಗಿನಲ್ಲಿ ಮೊಸೆಲ್ ನದಿಯ ದಂಡೆಯ ಮೇಲೆ ಶೆಂಗೆನ್ ಎಂಬ ಸಣ್ಣ ಹಳ್ಳಿಯುಂಟು. ಅಲ್ಲಿ, 1985ರ ಜೂನ್ 14ರಂದು, ನದಿಯಲ್ಲಿ ಲಂಗರು ಹಾಕಿದ್ದ ಹಡಗೊಂದರಲ್ಲಿ ಕುಳಿತು ಐದು ದೇಶಗಳ ಪ್ರತಿನಿಧಿಗಳು ತಮ್ಮ ನಡುವಣ ಗಡಿ ತಪಾಸಣೆಯನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಮಾಡಿದರು. ಆ ಐದು ಬೆಳೆಯುತ್ತಾ 2025ರ ಜನವರಿ 1ರಂದು ಬಲ್ಗೇರಿಯ, ರುಮೇನಿಯಗಳು ಪೂರ್ಣವಾಗಿ ಸೇರಿದಾಗ 29 ಆದವು. ಈ 29ಕ್ಕೂ ಒಂದೇ ವೀಸಾ ಸಾಕು. ಯಾವುದೇ 180 ದಿನಗಳಲ್ಲಿ 90 ದಿನಗಳವರೆಗೆ ಇರಬಹುದು. ಸ್ವಿಟ್ಸರ್ಲೆಂಡು ಯೂರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೂ ಈ ಕೂಟದಲ್ಲಿದೆ. ಐರ್ಲೆಂಡು ಒಕ್ಕೂಟದಲ್ಲಿದೆ, ಈ ಕೂಟದಲ್ಲಿಲ್ಲ. ಬ್ರಿಟನ್ನು ಎರಡರಲ್ಲಿಯೂ ಇಲ್ಲ; ಅದರ ವೀಸಾ ಬೇರೆ, ಅರ್ಜಿ ಬೇರೆ, ಶುಲ್ಕ ಬೇರೆ. ಒಂದು ದೇಶದ ಕಚೇರಿಯಲ್ಲಿ ಪಾಸ್‌ಪೋರ್ಟು ಕುಳಿತಿರುವಾಗ ಇನ್ನೊಂದರಲ್ಲಿ ಅದನ್ನು ಕೊಡುವುದು ಹೇಗೆ? ನಡುವೆ ಲಂಡನ್ನಿಗೆ ಹೋಗಿ ಮರಳುವುದಾದರೆ ಶೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೆ ಸಾಲದು, ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಬೇಕು. ಇದನ್ನೆಲ್ಲ ಓದಿದ ಮೇಷ್ಟರು ಒಂದು ವಾರದಲ್ಲಿಯೇ ಲಂಡನ್ನಿನ ಗೆರೆಯನ್ನು ರಬ್ಬರಿನಿಂದ ಅಳಿಸಿದರು. ಬಸವಣ್ಣನವರಿಗೆ ಮನಸ್ಸಿನಲ್ಲಿಯೇ ಕೈಮುಗಿದರು.

ಮೊದಲ ಮಹಾಯುದ್ಧಕ್ಕೆ ಮುಂಚೆ ಯೂರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟೇ ಇಲ್ಲದೆ ತಿರುಗಾಡಬಹುದಾಗಿತ್ತೆಂದು ಮೇಷ್ಟರು ಪಾಠದಲ್ಲಿ ಹೇಳುತ್ತಿದ್ದುದುಂಟು. ಯುದ್ಧ ಬಂದಿತು, ಕಾವಲು ಬಂದಿತು. ಯುದ್ಧ ಮುಗಿಯಿತು, ಕಾವಲು ಹೋಗಲಿಲ್ಲ. 1920ರಲ್ಲಿ ರಾಷ್ಟ್ರಸಂಘವು ಪ್ಯಾರಿಸಿನಲ್ಲಿ ಸಭೆ ಕರೆದು ಪಾಸ್‌ಪೋರ್ಟು ಪುಸ್ತಕಕ್ಕೆ ಒಂದು ಸಾಮಾನ್ಯ ರೂಪವನ್ನು ಗೊತ್ತುಮಾಡಿತು. ಹುಡುಗರು ಆಗ ಆಕಳಿಸುತ್ತಿದ್ದರು. ಈಗ ಮೇಷ್ಟರಿಗೇ ಆ ಪಾಠದ ಉತ್ತರಾರ್ಧ ಬಂದೊದಗಿತ್ತು.

ಮೇ ತಿಂಗಳಲ್ಲಿ ಅವರು ಏಜೆಂಟರನ್ನು ಹುಡುಕಿಕೊಂಡು ಹೋದರು. ಪೇಟೆಯ ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಕಚೇರಿ. ಒಳಗೆ ತಣ್ಣನೆಯ ಗಾಳಿ. ಗೋಡೆಯ ಮೇಲೆ ಐಫೆಲ್ ಗೋಪುರ. ಮೇಜಿನ ಮೇಲೆ ಸಣ್ಣ ಸಣ್ಣ ಬಾವುಟಗಳು. ಏಜೆಂಟರು ಸುಮಾರು ಮೂವತ್ತೈದರ ವಯಸ್ಸಿನವರು, ಬಹು ಮರ್ಯಾದಸ್ಥರು. ಎದ್ದು ನಿಂತು ಸ್ವಾಗತಿಸಿ, ಕಾಫಿ ತರಿಸಿ, “ಸಾರ್, ತಾವು ಯಾವುದನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಪಾಸ್‌ಪೋರ್ಟು ಕೊಟ್ಟು ಮನೆಯಲ್ಲಿರಿ. ಮಿಕ್ಕದ್ದು ನಮ್ಮದು” ಎಂದರು. ಇಬ್ಬರಿಗೂ ಸೇರಿ ಅವರ ಶುಲ್ಕ 18,000 ರೂಪಾಯಿ. ವೀಸಾದ ಶುಲ್ಕ ಬೇರೆ: 2024ರ ಜೂನ್ 11ರಿಂದ ತಲೆಗೆ 90 ಯೂರೋ, ಎಂದರೆ ಸುಮಾರು 9,000 ರೂಪಾಯಿ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮತ್ತೂ ಬೇರೆ.

ಇಲ್ಲಿ ಒಂದು ಮಾತನ್ನು ಹೇಳಬೇಕು. ಅರ್ಜಿ ಕೇಂದ್ರವೇ ಬೇರೆ, ಏಜೆಂಟರೇ ಬೇರೆ. ಬಹುಮಂದಿ ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಮೇಷ್ಟರೂ ಹಾಗೆಯೇ ತಿಳಿದಿದ್ದರು. ಹಿಂದೆ ಜನ ರಾಯಭಾರ ಕಚೇರಿಗಳ ಮುಂದೆಯೇ ಬೆಳಗಿನ ಜಾವದಿಂದ ಸಾಲುಗಟ್ಟುತ್ತಿದ್ದರು. ಆ ಕಚೇರಿಗಳ ಪರವಾಗಿ ಅರ್ಜಿ ಸ್ವೀಕರಿಸುವ ಖಾಸಗಿ ಕೇಂದ್ರಗಳ ಏರ್ಪಾಡು 2001ರಲ್ಲಿ ಮುಂಬೈಯಲ್ಲಿ, ಅಮೆರಿಕದ ವೀಸಾ ಅರ್ಜಿಗಳಿಂದ ಮೊದಲಾಗಿ, ಇಂದು ಜಗತ್ತಿನ ತುಂಬ ಹಬ್ಬಿದೆ. ಈ ಕೇಂದ್ರಗಳಿಗೆ ಸರ್ಕಾರಗಳ ಒಪ್ಪಂದವುಂಟು. ಶೆಂಗೆನ್ ದೇಶಗಳ ಮಟ್ಟಿಗೆ ಅವುಗಳ ಸೇವಾ ಶುಲ್ಕವು ವೀಸಾ ಶುಲ್ಕದ ಅರ್ಧವನ್ನು ಮೀರಕೂಡದೆಂಬ ಕಟ್ಟಳೆಯಿದೆ. ಅವು ಕಾಗದ ಪಡೆಯುತ್ತವೆ, ಬೆರಳಚ್ಚು ತೆಗೆಯುತ್ತವೆ, ಕಟ್ಟು ಕಟ್ಟಿ ಕಳಿಸುತ್ತವೆ. ವೀಸಾ ಕೊಡುವುದೂ ಬಿಡುವುದೂ ಅವುಗಳ ಕೈಯಲ್ಲಿಲ್ಲ. ಪೇಟೆಯ ಏಜೆಂಟರ ಕೈಯಲ್ಲಂತೂ ಅದು ಎಳ್ಳಷ್ಟೂ ಇಲ್ಲ. ಆದರೆ ಗಾಜಿನ ಬಾಗಿಲಿನ ಹಿಂದೆ ಕುಳಿತವರು ‘ಕೊಡಿಸುತ್ತೇವೆ’ ಎಂಬ ಕ್ರಿಯಾಪದವನ್ನು ಎಷ್ಟು ಸಲೀಸಾಗಿ ಪ್ರಯೋಗಿಸುತ್ತಾರೆಂದರೆ, ವ್ಯಾಕರಣ ಬಲ್ಲವರೂ ಮೋಸಹೋಗುತ್ತಾರೆ.

ಏಜೆಂಟರು ಗಣಕಯಂತ್ರವನ್ನು ಒತ್ತಿ ನೋಡಿ ನಿಟ್ಟುಸಿರುಬಿಟ್ಟರು. “ನೆದರ್ಲೆಂಡ್ಸಿಗೆ ಅರ್ಜಿ ಕೊಡುವ ದಿನ ಜುಲೈವರೆಗೆ ಸಿಗುವುದಿಲ್ಲ ಸಾರ್. ಫ್ರಾನ್ಸಿಗೆ ಜೂನಿನಲ್ಲೇ ಇದೆ. ಹೇಗೂ ಪ್ಯಾರಿಸ್ ನೋಡಬೇಕೆಂದಿದ್ದೀರಿ. ಫ್ರಾನ್ಸಿನಲ್ಲೇ ಹಾಕಿಬಿಡೋಣ.”

ಎಲ್ಲಿ ಹೆಚ್ಚು ದಿನ ಇರುತ್ತೇವೆಯೋ ಆ ದೇಶಕ್ಕೇ ಅರ್ಜಿ ಕೊಡಬೇಕೆಂಬುದು ಶೆಂಗೆನ್ನಿನ ನಿಯಮ. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಮೇಷ್ಟರು ಅದನ್ನು ಓದಿಕೊಂಡಿದ್ದರು; ಸಂಕೋಚದಿಂದ ಹೇಳಿಯೂ ಹೇಳಿದರು. ಏಜೆಂಟರು ನಕ್ಕರು. “ಅದಕ್ಕೆ ತಕ್ಕಂತೆ ಕಾಗದ ಮಾಡೋಣ ಸಾರ್. ಒಟ್ಟು ನಲವತ್ತು ದಿನ. ಫ್ರಾನ್ಸಿನಲ್ಲಿ ಇಪ್ಪತ್ತು, ಸ್ವಿಟ್ಸರ್ಲೆಂಡಿನಲ್ಲಿ ಹತ್ತು, ನೆದರ್ಲೆಂಡ್ಸಿನಲ್ಲಿ ಹತ್ತು. ಹೋಟೆಲುಗಳನ್ನು ಹಣ ಕಟ್ಟದೆ ಕಾದಿರಿಸುತ್ತೇವೆ, ಆಮೇಲೆ ರದ್ದು ಮಾಡುತ್ತೇವೆ. ಮಗಳ ವಿಷಯ ಬರೆಯುವುದೇ ಬೇಡ. ಹೆರಿಗೆ ಎಂದರೆ ಅವರಿಗೆ ಅನುಮಾನ. ಒಳಗೆ ಹೋದಮೇಲೆ ಯಾರು ಕೇಳುತ್ತಾರೆ?”

ಆದರೆ ಇಪ್ಪತ್ತು ದಿನ ಫ್ರಾನ್ಸಿನ ಹೋಟೆಲಿನಲ್ಲಿರುವವರ ಬ್ಯಾಂಕು ಪುಸ್ತಕ ಮೇಷ್ಟರ ಬ್ಯಾಂಕು ಪುಸ್ತಕದಂತಿರಲಾಗದು. ಅದಕ್ಕೂ ಉಪಾಯವಿತ್ತು. ಭಾವಮೈದುನರಿಂದ ಆರು ಲಕ್ಷ ರೂಪಾಯಿ ಕೈಗಡ ಪಡೆದು ಖಾತೆಯಲ್ಲಿಟ್ಟು, ವೀಸಾ ಬಂದಮೇಲೆ ಹಿಂದಿರುಗಿಸುವುದು.

ಆ ರಾತ್ರಿ ಊಟಕ್ಕೆ ಕುಳಿತಾಗ ಮೇಷ್ಟರು ಎಲ್ಲವನ್ನೂ ಮಡದಿಗೆ ಹೇಳಿದರು. ಆಕೆ ಸಾರು ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತರು.

“ಇಪ್ಪತ್ತು ದಿನ ಫ್ರಾನ್ಸಿನಲ್ಲಿ ನಾವಿಬ್ಬರೂ ಏನು ಮಾಡುತ್ತೇವಂತೆ?”

“ಬರಿಯ ಕಾಗದದಲ್ಲಿ ಕಣೇ.”

“ಮಗಳ ಬಾಣಂತನಕ್ಕೆ ಹೋಗುವುದಕ್ಕೂ ಸುಳ್ಳು ಹೇಳಬೇಕೇನೂಂದ್ರೆ? ಕದ್ದು ಹೋಗುವ ಹಾಗೆ?”

“ಸುಳ್ಳಲ್ಲ, ಕ್ರಮ ಹಾಗಿದೆಯಂತೆ” ಎಂದರು ಮೇಷ್ಟರು. ಪರೀಕ್ಷೆಯ ಕೋಣೆಯಲ್ಲಿ ಅಂಗಿಯ ತೋಳಿನೊಳಗೆ ಚೀಟಿಯಿಟ್ಟುಕೊಂಡ ಹುಡುಗರೂ ಇಂಥದೇ ಏನನ್ನೋ ಹೇಳುತ್ತಿದ್ದರು. ಆದರೆ ಸೆಪ್ಟೆಂಬರು ಹತ್ತಿರ ಬರುತ್ತಿತ್ತು. ಕಾಗದಪತ್ರದ ವ್ಯವಹಾರವನ್ನು ಬಲ್ಲವರೆಂಬ ನಂಬಿಕೆ ಒಬ್ಬರ ಮೇಲೆ ಹುಟ್ಟಿದಮೇಲೆ ಸ್ವಂತ ಬುದ್ಧಿಯನ್ನು ಅವರ ಮೇಜಿನ ಮೇಲಿಟ್ಟು ಬರುವುದು ಓದಿದವರಲ್ಲಿಯೇ ಹೆಚ್ಚು. ಮೇಷ್ಟರು ಸಹಿ ಮಾಡಿದರು. ಗಂಡ ತೋರಿಸಿದಲ್ಲಿ ಆಕೆಯೂ ಮಾಡಿದರು.

ಈ ನಡುವೆ ಇನ್ನೊಂದು ತಮಾಷೆ ನಡೆಯಿತು. ಇವರಿಬ್ಬರೂ ದಂಪತಿಗಳೆಂಬುದಕ್ಕೆ ಸರ್ಕಾರದ ಕಾಗದವೊಂದೂ ಇರಲಿಲ್ಲ. 1983ರಲ್ಲಿ ಮದುವೆಯಾದಾಗ ಅಗ್ನಿ ಸಾಕ್ಷಿಯಾಗಿದ್ದನು, ಬೀಗರು ಸಾಕ್ಷಿಯಾಗಿದ್ದರು, ನೋಂದಣಿ ಎಂಬ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಈಗ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ, ಅಂಚು ಹಳದಿಗಟ್ಟಿದ ಲಗ್ನಪತ್ರಿಕೆಯನ್ನೂ ಬಾಸಿಂಗ ಕಟ್ಟಿದ ಫೋಟೋವನ್ನೂ ಕೊಟ್ಟು, 42 ವರ್ಷ ಸಂಸಾರ ಮಾಡಿದವರು ಸಾಕ್ಷಿಗಳೊಡನೆ ಮೇಜಿನ ಮುಂದೆ ನಿಲ್ಲಬೇಕಾಯಿತು. ಸರದಿಯಲ್ಲಿದ್ದವರೆಲ್ಲ ಹೂಮಾಲೆ ಹಾಕಿಕೊಂಡ ತರುಣ ತರುಣಿಯರು. ಅವರ ಪೈಕಿ ಒಬ್ಬಳು ಮೇಷ್ಟರ ಮಡದಿಯ ಕೈಗೆ ಒಂದು ಪೇಡಾ ಇಟ್ಟು, “ನಿಮ್ಮದೂ ಇವತ್ತೇನಾ ಅಜ್ಜಿ?” ಎಂದು ನಕ್ಕಳು. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದು ಮನೆಗೆ ಬಂದರೂ ನಿಲ್ಲಲಿಲ್ಲ. ಆ ಇಡೀ ಬೇಸಗೆಯಲ್ಲಿ ಅವರು ಮನಸಾರೆ ನಕ್ಕ ದಿನ ಅದೊಂದೇ.

ಜೂನಿನಲ್ಲಿ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು. ಮೇಷ್ಟರ ಬೆರಳುಗಳನ್ನು ಯಂತ್ರವು ಒಮ್ಮೆಗೇ ಒಪ್ಪಿಕೊಂಡಿತು. ಆಕೆಯವು ಮೂಡಲಿಲ್ಲ. ನಲವತ್ತು ವರ್ಷ ಹುಣಿಸೆಹಣ್ಣು ಕಿವುಚಿ, ಪಾತ್ರೆ ಬೆಳಗಿ, ನೆಲ ಸಾರಿಸಿದ ಬೆರಳುಗಳಲ್ಲಿ ಗೆರೆಗಳು ಸವೆದುಹೋಗಿದ್ದುವು. ಅಲ್ಲಿದ್ದ ಹುಡುಗಿ ಒದ್ದೆಯ ಕಾಗದದಿಂದ ಒರೆಸಿ, ಬೆರಳೊಂದೊಂದನ್ನೇ ಮೆಲ್ಲಗೆ ಒತ್ತಿ, ನಾಲ್ಕನೆಯ ಸಲಕ್ಕೆ ಮೂಡಿಸಿದಳು. ಹಾಗೆ ಒತ್ತುತ್ತಲೇ ವಿಶ್ವಾಸಕ್ಕಾಗಿ, “ಎಲ್ಲಿಗಮ್ಮಾ ಹೊರಟಿರುವುದು?” ಎಂದು ಕೇಳಿದಳು. ಕೇಳಿದವಳಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಆಕೆ ಗಂಡನ ಮುಖ ನೋಡಿ, ತಡೆದು, “ಪ್ಯಾರಿಸ್ಸಿಗೆ” ಎಂದರು. ಬಸ್ಸಿನಲ್ಲಿ ಮೈಸೂರಿಗೆ ಮರಳುವವರೆಗೆ ಮತ್ತೆ ಮಾತನಾಡಲಿಲ್ಲ.

ಜುಲೈ ಮಧ್ಯದಲ್ಲಿ ಪಾಸ್‌ಪೋರ್ಟುಗಳು ಪ್ಲಾಸ್ಟಿಕ್ ಲಕೋಟೆಯಲ್ಲಿ ಬಂದವು. ಮೇಷ್ಟರು ಪುಟಗಳನ್ನು ಎರಡು ಬಾರಿ ತಿರುವಿದರು. ಮುದ್ರೆ ಇರಲಿಲ್ಲ. ಜೊತೆಗೆ ಮಡಿಸಿದ ಕಾಗದವೊಂದಿತ್ತು. ಅದರಲ್ಲಿ ಅಚ್ಚಾದ ಕಾರಣಗಳ ಪಟ್ಟಿ. ಒಂದರ ಮುಂದೆ ಗುರುತು. ತಂಗುವ ಉದ್ದೇಶವನ್ನೂ ಪರಿಸ್ಥಿತಿಯನ್ನೂ ಕುರಿತು ಒದಗಿಸಿದ ಮಾಹಿತಿ ನಂಬಲರ್ಹವಾಗಿಲ್ಲ ಎಂಬುದು ಅದರ ತಾತ್ಪರ್ಯ.

ಏಜೆಂಟರು ಈ ಸಲ ಕಾಫಿ ತರಿಸಲಿಲ್ಲ. “ವೀಸಾ ಕೊಡುವುದು ಬಿಡುವುದು ಅವರಿಷ್ಟ ಸಾರ್, ನಮ್ಮ ಕೈಯಲ್ಲೇನಿದೆ?” ಎಂದರು. ಮಾತು ನಿಜವೇ. ಮೇ ತಿಂಗಳಲ್ಲಿ ಆಡಬೇಕಾಗಿದ್ದ ನಿಜವನ್ನು ಜುಲೈಯಲ್ಲಿ ಆಡಿದರು, ಅಷ್ಟೆ. ಕಟ್ಟಿದ ಶುಲ್ಕ ಹಿಂದಕ್ಕೆ ಬರುವಂತಿರಲಿಲ್ಲ. ಅದು ಅರ್ಜಿಯನ್ನು ಪರಿಶೀಲಿಸುವುದಕ್ಕೆ ಕೊಟ್ಟ ಶುಲ್ಕವೇ ಹೊರತು ವೀಸಾದ ಬೆಲೆಯಲ್ಲ. ಏಜೆಂಟರ 18,000ದ ಮಾತನ್ನು ಮೇಷ್ಟರು ಎತ್ತಲೇ ಇಲ್ಲ. ಜಗಳವಾಡುವುದಕ್ಕೆ ಬೇಕಾದ ಒಂದು ಬಗೆಯ ನೈತಿಕ ಬಲ ಅವರಲ್ಲಿ ಉಳಿದಿರಲಿಲ್ಲ.

ಮನೆಗೆ ಬಂದು ಅರ್ಜಿಯ ಪ್ರತಿಯನ್ನು ತೆಗೆದು ಓದಿದರು. ಸಹಿ ಮಾಡುವ ಮುಂಚೆ ಓದದಿದ್ದ ಕೊನೆಯ ಪುಟದಲ್ಲಿ, ಕೊಟ್ಟ ವಿವರಗಳು ಸತ್ಯವೆಂದೂ, ಸುಳ್ಳು ಹೇಳಿದರೆ ಅರ್ಜಿ ತಿರಸ್ಕೃತವಾಗುವುದೆಂದೂ, ಕೊಟ್ಟ ವೀಸಾ ಕೂಡ ರದ್ದಾಗಬಹುದೆಂದೂ, ಕಾನೂನಿನ ಕ್ರಮಕ್ಕೂ ಗುರಿಯಾಗಬಹುದೆಂದೂ ಅಚ್ಚಾಗಿತ್ತು. ಕೆಳಗೆ ತಮ್ಮ ಸಹಿ. ಮುಖ್ಯಪರೀಕ್ಷಕರಾಗಿ ಸಾವಿರಾರು ಉತ್ತರಪತ್ರಿಕೆಗಳ ಮೇಲೆ ಮಾಡಿದ್ದ ಅದೇ ದುಂಡು ಸಹಿ. ಅದರ ಪಕ್ಕದಲ್ಲಿ ಮಡದಿಯ ನಡುಗುವ ಅಕ್ಷರಗಳು. ಆ ರಾತ್ರಿ ಮೇಷ್ಟರು ಭೂಪಟವನ್ನು ಸುತ್ತಿ ಬೀರುವಿನ ಮೇಲೆ ಎತ್ತಿಟ್ಟರು.

ಮಗಳಿಗೆ ಸುದ್ದಿ ಹೇಳಿದವರು ತಾಯಿ. ಆಚೆಯಿಂದ ಬಹಳ ಹೊತ್ತು ಸದ್ದು ಬರಲಿಲ್ಲ. ಕೊನೆಗೆ, “ಇಲ್ಲಿಗೆ ಬರುವುದಕ್ಕೆ ಫ್ರಾನ್ಸಿನಲ್ಲಿ ಏಕೆ ಅರ್ಜಿ ಕೊಟ್ಟಿರಿ ಅಪ್ಪ? ನನ್ನನ್ನು ಒಂದು ಮಾತು ಕೇಳಬಾರದಾಗಿತ್ತೆ?” ಎಂದಳು. ಕೇಳಬಹುದಾಗಿತ್ತು. ಬಸುರಿಗೆ ಚಿಂತೆ ಕೊಡಬಾರದೆಂದು ಕೇಳಿರಲಿಲ್ಲ.

ಎರಡನೆಯ ಏಜೆಂಟರನ್ನು ಏಜೆಂಟರೆನ್ನುವುದೂ ಹೆಚ್ಚು. ಮನೆಯ ಹಿಂದಿನ ಬೀದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಅದರ ಒಳಮೂಲೆಯಲ್ಲಿ ಸುಮಾರು ನಲವತ್ತೈದರ ಒಬ್ಬ ಹೆಂಗಸು ಗಣಕಯಂತ್ರವನ್ನಿಟ್ಟುಕೊಂಡು ಅರ್ಜಿ ತುಂಬಿಕೊಡುತ್ತಾರೆ. ಹಿಂದೆ ಪ್ರವಾಸದ ಕಂಪೆನಿಯೊಂದರಲ್ಲಿ ಕೆಲಸದಲ್ಲಿದ್ದವರಂತೆ. ಗೋಡೆಯ ಮೇಲೆ ಐಫೆಲ್ ಗೋಪುರವಿರಲಿಲ್ಲ. ವಿದ್ಯುತ್ ಬಿಲ್ಲು ಕಟ್ಟುವ ಕೊನೆಯ ದಿನಾಂಕದ ಪ್ರಕಟಣೆಯಿತ್ತು. ಅವರು ತಿರಸ್ಕಾರದ ಕಾಗದವನ್ನು ಓದಿ, ಹಳೆಯ ಅರ್ಜಿಯನ್ನು ಓದಿ, ಕನ್ನಡಕ ತೆಗೆದು ಮೇಷ್ಟರನ್ನು ನೋಡಿದರು.

“ಸಾರ್, ಜುಲೈಯಲ್ಲಿ ನೆದರ್ಲೆಂಡ್ಸಿಗೆ ದಿನ ಸಿಗುತ್ತಿತ್ತಲ್ಲ? ನಿಮ್ಮ ಪ್ರಯಾಣ ಸೆಪ್ಟೆಂಬರಿನಲ್ಲಿ. ಜುಲೈಯಲ್ಲಿ ಕೊಟ್ಟಿದ್ದರೂ ಧಾರಾಳವಾಗಿ ಸಾಕಾಗುತ್ತಿತ್ತು.”

ಮೇಷ್ಟರಿಗೆ ಉತ್ತರ ಹೊಳೆಯಲಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಹದಿನೈದು ದಿನ ಮುಂಚಿನವರೆಗೂ ಅರ್ಜಿ ಕೊಡಬಹುದು. ಸಾಮಾನ್ಯವಾಗಿ ಹದಿನೈದು ದಿನಗಳಲ್ಲಿ ತೀರ್ಮಾನವಾಗುತ್ತದೆ, ಹೆಚ್ಚಿನ ವಿಚಾರಣೆ ಬೇಕಾದರೆ ನಲವತ್ತೈದು ದಿನಗಳವರೆಗೆ ಎಳೆಯಬಹುದು. ಲೆಕ್ಕ ಇಷ್ಟೆ. ಯಾರೂ ಅದನ್ನು ಕೂಡಿ ಕಳೆದು ನೋಡಿರಲಿಲ್ಲ.

“ನಾನು ವೀಸಾ ಕೊಡಿಸುವುದಿಲ್ಲ” ಎಂದರು ಆಕೆ. “ಅರ್ಜಿ ತುಂಬುತ್ತೇನೆ, ಕಾಗದ ಜೋಡಿಸುತ್ತೇನೆ, ಏನು ಕೊರತೆಯೆಂದು ಹೇಳುತ್ತೇನೆ. ಒಬ್ಬರಿಗೆ 1,500. ಆದರೆ ಇದ್ದುದನ್ನು ಇದ್ದಂತೆ ಬರೆಯುವುದಾದರೆ ಮಾತ್ರ. ಹಿಂದಿನ ತಿರಸ್ಕಾರವನ್ನೂ ನಾವೇ ಹೇಳಬೇಕು. ಅದು ಅವರ ದಾಖಲೆಯಲ್ಲಿ ಐದು ವರ್ಷ ಇರುತ್ತದೆ. 29 ದೇಶದವರೂ ನೋಡಬಹುದು. ಮುಚ್ಚಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.”

ಇಂಥವರ ಕೆಲಸವೇನು, ಮೇಷ್ಟರೇ ಮಾಡಿಕೊಳ್ಳಬಹುದಾಗಿತ್ತಲ್ಲ ಎಂದು ವಾಚಕರು ಕೇಳಬಹುದು. ಮಾಡಿಕೊಳ್ಳಬಹುದಾಗಿತ್ತು, ಅರ್ಜಿಯಲ್ಲಿ ರಹಸ್ಯವೇನಿಲ್ಲ. ಆದರೆ ಅನುಭವಸ್ಥರ ಕಣ್ಣಿಗೆ ಬೀಳುವುದು ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಮಗಳ ಜನನಪತ್ರವನ್ನು ನೋಡಿದೊಡನೆ ಆಕೆ ಬೆರಳಿಟ್ಟರು: ಅದರಲ್ಲಿ ತಾಯಿಯ ಹೆಸರೊಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಕಾರಣ ಸರಳವೇ. ತವರಿನವರು ಇಟ್ಟ ಹೆಸರು ಬೇರೆ. ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಿಂದ ಬರೆಸಿ ಅತ್ತೆಯ ಮನೆಯವರು ಇಟ್ಟ ಹೆಸರು ಬೇರೆ. ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಹಿಂದೆ ಇದ್ದ ಪದ್ಧತಿ. ಹೇಗ್ ನಗರದ ಅಧಿಕಾರಿಗೆ ಅದು ಹೇಗೆ ತಿಳಿಯಬೇಕು? ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರವಾಯಿತು. ಪಾಸ್‌ಪೋರ್ಟಿನಲ್ಲಿ ಆಕೆಗೆ ಮನೆತನದ ಹೆಸರಿನ ಜಾಗ ಬರಿದಾಗಿತ್ತು. ಅರ್ಜಿಯಲ್ಲಿ ಆ ಜಾಗವನ್ನು ಹೇಗೆ ತುಂಬಬೇಕೆಂಬುದೂ ಆ ಹೆಂಗಸಿಗೇ ಗೊತ್ತಿದ್ದುದು. ತಲೆಗೆ 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯ ಕಾಗದದಲ್ಲಿ ಅರವತ್ತು ದಿನಕ್ಕೆ ಬದಲಾಗಿ ಐವತ್ತೊಂಬತ್ತೇ ಇದ್ದುದನ್ನು ಹಿಡಿದವರೂ ಅವರೇ.

ಮಗಳು ಅಲ್ಲಿಂದ ಆತಿಥ್ಯದ ಪತ್ರವನ್ನು ಕಳಿಸಿದಳು. ನೆದರ್ಲೆಂಡ್ಸಿನಲ್ಲಿ ಅದಕ್ಕೊಂದು ನಮೂನೆಯುಂಟು. ನೆಂಟರನ್ನು ಕರೆಸಿಕೊಳ್ಳುವವರು ಅದನ್ನು ತುಂಬಿ, ಪುರಸಭೆಗೆ ಹೋಗಿ, ಅಲ್ಲಿನ ಅಧಿಕಾರಿಯಿಂದ ತಮ್ಮ ಸಹಿಯನ್ನು ದೃಢೀಕರಿಸಿಕೊಳ್ಳಬೇಕು. ಎಂಟು ತಿಂಗಳ ಬಸುರಿ ಹೋಗಿ ಅದನ್ನು ಮಾಡಿಸಿದಳು. ಭಾವಮೈದುನರ ಆರು ಲಕ್ಷ ಹಿಂದಿರುಗಿತು. ಪಿಂಚಣಿಯ ಕಾಗದ, ಮನೆಯ ಖಾತಾಪತ್ರ, ಅಳಿಯಂದಿರ ಮೂರು ತಿಂಗಳ ಸಂಬಳದ ಚೀಟಿ ಇವೆಲ್ಲ ಸೇರಿದವು. ಕೊನೆಯಲ್ಲಿ ಒಂದು ಪತ್ರ ಬೇಕಾಗಿತ್ತು. ಅದನ್ನು ಮಾತ್ರ ತಾವೇ ಬರೆಯುವುದಾಗಿ ಮೇಷ್ಟರು ಹೇಳಿದರು.

ಮೂರು ದಿನ ಹಿಡಿಯಿತು ಆ ಪತ್ರಕ್ಕೆ. ಇಂಗ್ಲಿಷಿನಲ್ಲಿ ಒಂದೂವರೆ ಪುಟ. ಮಗಳ ಹೆರಿಗೆ ಸೆಪ್ಟೆಂಬರಿನಲ್ಲಿ. ತಾಯಿ ಹತ್ತಿರವಿದ್ದು ನೋಡಿಕೊಳ್ಳುವುದು ನಮ್ಮಲ್ಲಿ ರೂಢಿ. ಅರವತ್ತು ದಿನ ಅವಳ ಮನೆಯಲ್ಲಿರುತ್ತೇವೆ. ಅದರಲ್ಲಿ ಮೂರು ದಿನ ಪ್ಯಾರಿಸಿಗೆ ಹೋಗಿಬರುವ ಆಸೆಯುಂಟು. ಹಿಂದೆ ಬೇರೊಂದು ದೇಶಕ್ಕೆ ಕೊಟ್ಟ ಅರ್ಜಿಯಲ್ಲಿ ನಮ್ಮ ನಿಜವಾದ ಉದ್ದೇಶವನ್ನು ಬರೆದಿರಲಿಲ್ಲ, ಅದು ತಿರಸ್ಕೃತವಾದುದು ನ್ಯಾಯವೇ ಆಗಿತ್ತು. ಈ ಕೊನೆಯ ವಾಕ್ಯವನ್ನು ಮೊದಲು ‘ಏಜೆಂಟರ ಸಲಹೆಯಂತೆ’ ಎಂದು ಆರಂಭಿಸಿದ್ದರು. ಮೂರನೆಯ ದಿನ ಆ ಎರಡು ಮಾತುಗಳನ್ನು ಹೊಡೆದುಹಾಕಿದರು. ಸ್ವಿಟ್ಸರ್ಲೆಂಡಿನ ಹೆಸರನ್ನು ಸೇರಿಸಲೇ ಇಲ್ಲ.

ಅರ್ಜಿ ಕೊಡಲು ದೊರೆತ ದಿನ ಆಗಸ್ಟ್ 25. ಪ್ರಯಾಣ ಸೆಪ್ಟೆಂಬರ್ 10ಕ್ಕೆಂದು ಬರೆದಿದ್ದರು. ಬೆರಳಚ್ಚನ್ನು ಮತ್ತೆ ಕೊಡಬೇಕಾಗಿರಲಿಲ್ಲ; ಒಮ್ಮೆ ಕೊಟ್ಟದ್ದು 59 ತಿಂಗಳ ಕಾಲ ನಡೆಯುತ್ತದೆ. ಆಕೆಯ ಬೆರಳುಗಳಿಗೆ ಅಷ್ಟು ವಿಶ್ರಾಂತಿ.

ಸೆಪ್ಟೆಂಬರು ಬಂದಿತು. ಒಂದನೆಯ ತಾರೀಖು, ಐದನೆಯದು, ಎಂಟನೆಯದು. ಲೇಹ್ಯದ ಡಬ್ಬಿ ಬಟ್ಟೆ ಸುತ್ತಿಸಿಕೊಂಡು ಪೆಟ್ಟಿಗೆಯಲ್ಲಿ ಕುಳಿತಿತ್ತು. ಮೇಷ್ಟರು ದಿನಕ್ಕೆ ಹತ್ತು ಸಲ ಫೋನಿನಲ್ಲಿ ಅರ್ಜಿಯ ಸ್ಥಿತಿಯನ್ನು ನೋಡುವರು. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಒಂಬತ್ತನೆಯ ತಾರೀಖು ನಡುರಾತ್ರಿ ಅಳಿಯಂದಿರ ಕರೆ ಬಂದಿತು. ಹೆಣ್ಣುಮಗು. ಬಾಣಂತಿ, ಮಗು ಕ್ಷೇಮ. ಫೋನಿನ ಸಣ್ಣ ಪರದೆಯಲ್ಲಿ ಕೆಂಪು ಮುಖವೊಂದು ಕಣ್ಣು ಮುಚ್ಚಿಕೊಂಡು ಆಕಳಿಸಿತು. ಅಜ್ಜಿ ಪರದೆಯನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದರು. ಫೋನು ಇಟ್ಟಮೇಲೆ ಗಂಡನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಮೇಷ್ಟರಿಗೆ ಹಗುರವಾಗುತ್ತಿತ್ತು.

ಪಾಸ್‌ಪೋರ್ಟುಗಳು ಬಂದದ್ದು 17ರಂದು. ಈ ಸಲ ಲಕೋಟೆಯನ್ನು ಒಡೆದವರು ಆಕೆ. ಮುದ್ರೆಯನ್ನು ಓದಲು ಬಾರದಿದ್ದರೂ, ಪುಟದ ತುಂಬ ಅಂಟಿಸಿದ್ದ ಹಸಿರು ಚೀಟಿಯಲ್ಲಿ ತಮ್ಮ ಫೋಟೋವನ್ನು ಕಂಡು, “ಬಂತೂಂದ್ರೆ” ಎಂದರು. 20ರಂದು ಬೆಂಗಳೂರಿನಿಂದ ನೇರ ವಿಮಾನದಲ್ಲಿ ಆಮ್‌ಸ್ಟರ್‌ಡಾಮಿಗೆ. ಅಲ್ಲಿಯ ಅಧಿಕಾರಿ ಪಾಸ್‌ಪೋರ್ಟನ್ನು ತೆರೆದು, ಬಂದ ಕಾರಣವನ್ನು ಕೇಳಿದನು. ಮೇಷ್ಟರು ಬಾಯಿ ತೆರೆಯುವ ಮೊದಲೇ, ವಿಮಾನದಲ್ಲಿ ಎಂಟು ಗಂಟೆ ಕಾಲ ಉರುಹೊಡೆದಿದ್ದ ಎರಡು ಇಂಗ್ಲಿಷ್ ಪದಗಳನ್ನು ಆಕೆ ಹೇಳಿಬಿಟ್ಟರು: “ಡಾಟರ್. ಬೇಬಿ.” ಆತನು ಮುದ್ರೆ ಒತ್ತಿ ನಕ್ಕನು.

ಆ ದೇಶದಲ್ಲಿ ಹೆರಿಗೆಯಾದ ಮೇಲೆ ಎಂಟು ದಿನಗಳವರೆಗೆ ಮನೆಗೇ ಬಂದು ಬಾಣಂತಿಯನ್ನೂ ಮಗುವನ್ನೂ ನೋಡಿಕೊಳ್ಳುವ ದಾದಿಯರ ಏರ್ಪಾಡಿದೆ, ಕ್ರಾಮ್‌ಜೋರ್ಗ್ ಎನ್ನುತ್ತಾರೆ. ಮಗಳ ಮನೆಗೆ ಬಂದಿದ್ದ ದಾದಿ ತನ್ನ ದಿನಗಳನ್ನು ಮುಗಿಸಿ ಹೊರಟುಹೋಗಿದ್ದಳು. ಹನ್ನೊಂದು ದಿನದ ಮಗುವನ್ನು ಅಜ್ಜಿ ಎತ್ತಿಕೊಂಡಾಗ ಮಗಳು, “ಒಂದು ಸಲವಾದರೂ ಬಿಸಿನೀರು ಹಾಕಿ ತಲೆ ಒತ್ತಮ್ಮ, ಇವರೆಲ್ಲ ಬಹಳ ಒಳ್ಳೆಯವರು, ಆದರೆ ತಲೆ ಒತ್ತುವುದಿಲ್ಲ” ಎಂದು ಅತ್ತಳು.

ಅಕ್ಟೋಬರಿನ ಕೊನೆಯಲ್ಲಿ ಮಗಳೇ ಹಟ ಹಿಡಿದು ಇಬ್ಬರನ್ನೂ ಮೂರು ದಿನಕ್ಕೆ ಪ್ಯಾರಿಸಿಗೆ ಕಳಿಸಿದಳು. ರಾಟರ್‌ಡಾಮಿನಲ್ಲಿ ರೈಲು ಹತ್ತಿದರು. ಈಚೆಗೆ ಕೆಲವು ದೇಶಗಳು ಗಡಿಯಲ್ಲಿ ಮತ್ತೆ ತಾತ್ಕಾಲಿಕ ತಪಾಸಣೆ ಇಟ್ಟಿರುವುದರಿಂದ ಪಾಸ್‌ಪೋರ್ಟುಗಳು ಮೇಷ್ಟರ ಒಳಜೇಬಿನಲ್ಲಿದ್ದುವು. ಅವನ್ನು ಯಾರೂ ಕೇಳಲಿಲ್ಲ. ಆಂಟ್‌ವರ್ಪ್ ಬಂದಿತು, ಬ್ರಸೆಲ್ಸ್ ಬಂದಿತು. ಬ್ರಸೆಲ್ಸನ್ನು ಬಿಟ್ಟಮೇಲೆ ಮೇಷ್ಟರು ಕಿಟಕಿಗೆ ಹಣೆ ತಾಗಿಸಿ ಕುಳಿತರು. ಬೆಲ್ಜಿಯಮ್ಮು ಮುಗಿದು ಫ್ರಾನ್ಸು ಮೊದಲಾಗುವ ಆ ಗೆರೆಯನ್ನು ಅವರು ಕರಿಹಲಗೆಯ ಮೇಲೆ ನೂರಾರು ಬಾರಿ ಎಳೆದಿದ್ದರು. ಹೊಲ, ಮರಗಳ ಸಾಲು, ಒಂದು ಚರ್ಚಿನ ಶಿಖರ, ಮತ್ತೆ ಹೊಲ.

“ಏನು ಹುಡುಕುತ್ತಿದ್ದೀರಿ?” ಎಂದರು ಆಕೆ, ಚಪಾತಿಯ ಡಬ್ಬಿಯನ್ನು ಬಿಚ್ಚುತ್ತಾ.

“ಗಡಿ” ಎಂದರು ಮೇಷ್ಟರು. “ಇಲ್ಲೇ ಎಲ್ಲೋ ಇರಬೇಕು.”

ಆಕೆಯೂ ಒಂದು ಕ್ಷಣ ಬಗ್ಗಿ ನೋಡಿದರು. ಆಮೇಲೆ ಚಪಾತಿಗೆ ಚಟ್ನಿಪುಡಿ ಹಚ್ಚಿ ಸುತ್ತಿ ಗಂಡನ ಕೈಗೆ ಕೊಟ್ಟರು. ರೈಲು ಓಡುತ್ತಲೇ ಇತ್ತು.